ಬೇರೆ ನೀರಿನ ಹಲ್ಲು

“ಈ ಹಲ್ಲು ಈ ಕೆರೆಯದ್ದಲ್ಲ.”

ಮೊಸಳೆಗಳ ಸಂಶೋಧಕಿ ಡಾಕ್ಟರ್ ಹಬೋನಾ ಜಿಲ್ಲೊ ಅಷ್ಟು ಹೇಳಿ ಪುಟ್ಟ ಗಾಜಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಗಾಳಿಗೆ ಠಾಣೆಯ ತಗಡಿನ ಚಾವಣಿ ಬಡಿದುಕೊಳ್ಳುತ್ತಿತ್ತು. ಡಬ್ಬಿಯೊಳಗಿನ ಹಲ್ಲು ನನ್ನ ಕಿರುಬೆರಳಿನಷ್ಟಿತ್ತು. ತುದಿ ಮುರಿದಿತ್ತು, ಬಣ್ಣ ಚಹಾದ ಹಳೇ ಕಲೆಯ ಹಾಗೆ.

ಇನ್ಸ್‌ಪೆಕ್ಟರ್ ಅಸೆಕೋನ್ ಲೊಮುರಿಯಾ ಕುರ್ಚಿಯಲ್ಲಿ ಕೂರುವ ಜಾಯಮಾನದ ಹೆಂಗಸಲ್ಲ. ಅಫಾಂಡೆ, ಅಂದರೆ ಸಾಹೇಬರು, ಅಂತಲೇ ಎಲ್ಲರೂ ಅವರನ್ನು ಕರೆಯುತ್ತಿದ್ದೆವು. ಅವತ್ತೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಲೇ ಇದ್ದರು. ಈ ಮಾತು ಕೇಳಿ ನಿಂತರು.

“ಇನ್ನೊಂದು ಸಲ ಹೇಳಿ.”

“ತುರ್ಕಾನಾ ಸರೋವರದ ಯಾವ ಮೊಸಳೆಯ ಬಾಯಲ್ಲೂ ಇದು ಹುಟ್ಟಿದ್ದಲ್ಲ ಅಫಾಂಡೆ. ಇದು ತಾನಾ ನದಿಯದ್ದು. ಅದೂ ನದಿ ಸಮುದ್ರ ಸೇರೋ ಕಡೆಯದ್ದು.”

ಬಾಗಿಲ ಹತ್ತಿರ ಚಹಾ ಹಿಡಿದು ನಿಂತಿದ್ದ ನಾನು ನಕ್ಕುಬಿಟ್ಟೆ. “ತಾನಾ ಎಲ್ಲಿ, ನಾವೆಲ್ಲಿ! ಮೊಸಳೆ ಲಾರಿ ಹತ್ತಿ ಬಂತಾ ಡಾಕ್ಟ್ರೇ?”

“ಹಾಗೇ ಅಂದ್ಕೊಳ್ಳಿ ಸಾರ್ಜೆಂಟ್ ಎಕುವಾಮ್,” ಅಂದರು ಹಬೋನಾ. ಅವರು ನಗಲಿಲ್ಲ.

ನಗುವ ಸಂಗತಿಯೂ ಆಗಿರಲಿಲ್ಲ. ನಾತೊಲೆ ದಡದ ಮೀನುಗಾರ ಎಟಾಬೊನ ಹೆಣ ತೇಲಿಬಂದಾಗ ಅದಕ್ಕೆ ಒಂದು ತೋಳಿರಲಿಲ್ಲ, ಮುಖವಿರಲಿಲ್ಲ. ಸೊಂಟದ ಎಲುಬಿನಲ್ಲಿ ಸಿಕ್ಕಿಕೊಂಡಿದ್ದ ಹಲ್ಲು ಇದು. ಊರಿಗೆ ಅಷ್ಟೇ ಸಾಕಾಗಿತ್ತು. ಹೆಣ ಮಣ್ಣು ಸೇರಿದ ಮಾರನೇ ದಿನವೇ ಗಂಡಸರು ಈಟಿ ಹಿಡಿದು ಹೊರಟು, ಮರಳುದಿಬ್ಬದ ಮೇಲೆ ಬಿಸಿಲು ಕಾಯುತ್ತಿದ್ದ ಮುದಿ ಮೊಸಳೆಯೊಂದನ್ನು ಕೊಂದು ಹೊಟ್ಟೆ ಸೀಳಿದ್ದರು. ಒಳಗೆ ಮೀನಿನ ಮುಳ್ಳು, ಬೆಣಚುಕಲ್ಲು. ಅದು ಸಾಲದು ಅಂತ ಇವತ್ತು ಗೂಡು ಅಗೆದು ಮೊಟ್ಟೆಗಳನ್ನೆಲ್ಲ ಸುಡಲು ಹೊರಟಿದ್ದರು. ಠಾಣೆಯ ಕಿಟಕಿಯಿಂದಲೇ ಅವರ ಸಾಲು ಕಾಣುತ್ತಿತ್ತು. ಒಬ್ಬನ ಹೆಗಲ ಮೇಲೆ ಸೀಮೆಎಣ್ಣೆ ಡಬ್ಬ.

“ನಿಮ್ಮ ಚೀಲದಲ್ಲಿ ತಾನಾ ಮೊಸಳೆಯ ಚರ್ಮದ ಚೂರುಗಳೂ ಇದ್ದಾವೆ,” ಅಂದರು ಅಫಾಂಡೆ. “ನೀವೂ ತಾನಾ ಕಡೆಯವರು. ಒಂದಕ್ಕೊಂದು ಬೆರೆತುಹೋಗಿರಬಹುದಲ್ಲ?”

ಹಬೋನಾ ಮುಖ ಕೆಂಪಗಾಯಿತು. “ಈ ಮಾತು ಬರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಹಲ್ಲಿನ ಒಂದು ಚೂರನ್ನು ನಾನು ಮುಟ್ಟದೆ ಬೇರೆಯವರ ಕೈಲಿ ಪರೀಕ್ಷೆ ಮಾಡಿಸಿದೆ. ಅವರದ್ದೂ ಇದೇ ಉತ್ತರ.”

“ಕೋಪ ಬೇಡ. ನನ್ನ ಕೆಲಸ ಕೇಳೋದು.”

“ನನ್ನ ಕೆಲಸ ಹೇಳೋದು. ಕೂತ್ಕೊಳ್ಳಿ, ಹೇಳ್ತೀನಿ.”

ಅಫಾಂಡೆ ಕೂರಲಿಲ್ಲ. ಹಬೋನಾ ಹೇಳಿದರು.

“ನಿಮ್ಮ ಜನ ಒಂಟೆಗೆ ಬರೆ ಹಾಕ್ತಾರೆ. ಬರೆ ನೋಡಿದರೆ ಯಾವ ಕುಲದ್ದು ಅಂತ ಗೊತ್ತಾಗುತ್ತೆ, ಅಲ್ವಾ? ಮೊಸಳೆಗೆ ನೀರೇ ಬರೆ ಹಾಕುತ್ತೆ. ಅದು ಈಜುತ್ತೆ, ಸ್ವಲ್ಪ ದೂರ ನಡೆಯುತ್ತೆ. ಆದರೆ ಬೆಟ್ಟ ಹತ್ತಿ, ಮರಳುಗಾಡು ದಾಟಿ ಇನ್ನೊಂದು ನದಿಗೆ ಸಂಬಂಧ ಬೆಳೆಸೋಕೆ ಹೋಗಲ್ಲ. ಒಂದೇ ನೀರಲ್ಲಿ ತಲೆತಲಾಂತರದಿಂದ ಮೊಟ್ಟೆಯಿಟ್ಟು ಮರಿ ಮಾಡಿದ್ದು ಅದರ ರಕ್ತದಲ್ಲೇ ಉಳಿದುಬಿಡುತ್ತೆ.”

“ಈ ಕೆರೆಯವೆಲ್ಲ ಒಂದೇ ಥರಾನಾ?” ನಾನು ಕೇಳಿದೆ.

“ಅಲ್ಲ. ಉತ್ತರದಲ್ಲಿ ಓಮೊ ನದಿ ಸೇರೋ ಕಡೆಯವಕ್ಕೂ ದಕ್ಷಿಣದ ಕಲ್ಲುದಡದವಕ್ಕೂ ಚೂರು ವ್ಯತ್ಯಾಸ ಇದೆ. ಅಣ್ಣತಮ್ಮಂದಿರ ಮಕ್ಕಳ ಹಾಗೆ. ಹಳೇ ಕಾಲದಲ್ಲಿ ಈ ಕೆರೆ ತುಂಬಿ ತುಳುಕಿ ನೈಲ್ ಕಡೆ ಹರಿದಿತ್ತು. ಹಾಗಾಗಿ ನೈಲ್ ನದಿಯವು ಇವಕ್ಕೆ ದೂರದ ದಾಯಾದಿಗಳು. ಆದರೆ ತಾನಾ ಹರಿಯೋದು ಪೂರ್ವಕ್ಕೆ, ಹಿಂದೂ ಮಹಾಸಾಗರಕ್ಕೆ. ಅಲ್ಲಿಯವಕ್ಕೂ ಇಲ್ಲಿಯವಕ್ಕೂ ಊಟ ಉಪಚಾರ ನಿಂತು ಯಾವ ಕಾಲವಾಯಿತೋ.” ಅವರು ಡಬ್ಬಿಯನ್ನು ಬೆಳಕಿಗೆ ತಿರುಗಿಸಿದರು. “ಇನ್ನೂ ಒಂದಿದೆ. ಬುಡ ನೋಡಿ. ಹೊಳೀತಿದೆ.”

ಅಫಾಂಡೆ ಬಗ್ಗಿ ನೋಡಿದರು.

“ವಾರ್ನಿಶ್,” ಅಂದರು ಹಬೋನಾ. “ಈ ಹಲ್ಲಿನ ಒಡೆಯ ಸತ್ತು ಎಷ್ಟೋ ಕಾಲವಾಗಿದೆ. ಇದು ಗೋಡೆಗೆ ನೇತುಹಾಕೋ ತಲೆಬುರುಡೆಯದ್ದು.”

ಅಫಾಂಡೆ ಡಬ್ಬಿಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು.

“ನನಗೆ ಆವತ್ತೇ ಅನುಮಾನ,” ಅಂದರು ಅಫಾಂಡೆ, ಮತ್ತೆ ಓಡಾಡಲು ಶುರುಮಾಡಿ. “ನಮ್ಮ ದೊಡ್ಡಪ್ಪನನ್ನು ಮೊಸಳೆ ಹಿಡಿದಾಗ ನಾನು ದಡದಲ್ಲಿದ್ದೆ. ಅದು ಕಡಿಯಲ್ಲ, ಹಿಡಿದು ತಿರುಚುತ್ತೆ. ಬಟ್ಟೆ ಹಿಂಡೋ ಹಾಗೆ. ಈ ಹೆಣದ ತೋಳು ತಿರುಚಿ ಕಿತ್ತಿದ್ದಲ್ಲ, ಕತ್ತರಿಸಿದ್ದು. ಇದು ಕೊಲೆ, ಎಕುವಾಮ್. ಕೊಂದವನು ಎಲ್ಲ ಮೊಸಳೆಯೂ ಒಂದೇ ಅಂದುಕೊಂಡವನು.” ಆಮೇಲೆ ಹಬೋನಾ ಕಡೆ ತಿರುಗಿ, “ಅಂದರೆ ನೀವಲ್ಲ. ನೀವಾಗಿದ್ದರೆ ಈ ಕೆರೆಯ ಹಲ್ಲನ್ನೇ ಹುಡುಕಿ ಇಡ್ತಿದ್ರಿ.”

“ಉಪಕಾರವಾಯ್ತು,” ಅಂದರು ಹಬೋನಾ ಒಣಗಿದ ದನಿಯಲ್ಲಿ.

ಅಷ್ಟರಲ್ಲಿ ನನಗೆ ನೆನಪಾಗಿತ್ತು. ಬಿಯರ್ ಕುಡಿಯುವಾಗ ಎಷ್ಟೋ ಸಲ ಕಣ್ಣಿಗೆ ಬಿದ್ದಿದ್ದು. “ಅಫಾಂಡೆ, ಕೊಮೋರಾನ ಲಾಡ್ಜು. ಗಲ್ಲಾದ ಹಿಂದಿನ ಗೋಡೆ. ಅಲ್ಲೊಂದು ಮೊಸಳೆ ತಲೆ ಇತ್ತು.”

“ಕೊಮೋರಾ ನಮ್ಮ ಕಡೆಯವರೇ,” ಹಬೋನಾ ನಿಧಾನವಾಗಿ ಅಂದರು. “ತಾನಾ ಕೆಳಗಿನ ಹಳ್ಳಿ.”

ಅಫಾಂಡೆ ಆಗಲೇ ಜೀಪಿನ ಹತ್ತಿರ ಇದ್ದರು.

* * *

ದಾರಿಯಲ್ಲಿ ಈಟಿಯವರ ಗುಂಪು ಅಡ್ಡಬಂತು. ಅಫಾಂಡೆ ಜೀಪಿನಿಂದಲೇ ಕೂಗಿದರು. “ಮನೆಗೆ ಹೋಗ್ರಯ್ಯಾ! ಎಟಾಬೊನ ಕೊಂದಿದ್ದು ಮೊಸಳೆ ಅಲ್ಲ.”

“ಮತ್ತೆ ಯಾರು, ನೀವಾ?” ಗುಂಪಿನಿಂದ ಒಬ್ಬ ಹಿರಿಯ ಕೇಳಿದ. ಉಳಿದವರು ನಕ್ಕರು. “ಮೊಸಳೆ ಸುಮ್ಮಸುಮ್ಮನೆ ಯಾರನ್ನೂ ಹಿಡಿಯಲ್ಲ ಅಮ್ಮಾ. ಆ ಮನೆಯಲ್ಲಿ ಏನೋ ಪಾಪ ಇದೆ. ಅವನ ಹೆಂಡತಿ ಸೀಳಿದ ಮೀನು ಈಗ ಯಾರಾದರೂ ಮುಟ್ತಾರಾ, ಕೇಳಿ ನೋಡಿ.”

“ಹಾಗಿದ್ದರೆ ಮೊಟ್ಟೆ ಯಾಕೆ ಸುಡ್ತೀರಾ? ಮೊಸಳೆ ನ್ಯಾಯವಂತ ಆಯ್ತಲ್ಲ!”

ಹಿರಿಯ ಈಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಗುಂಪು ನಿಲ್ಲಲಿಲ್ಲ. ಮರಳಿನ ಮೇಲೆ ಮುಂದೆ ಹೋಯಿತು.

ಲಾಡ್ಜಿನಲ್ಲಿ ಗಿರಾಕಿಗಳಿರಲಿಲ್ಲ. ಮೊಸಳೆಯ ಸುದ್ದಿ ಹಬ್ಬಿದ ಮೇಲೆ ಪ್ರವಾಸಿಗರು ಈ ಕಡೆ ತಲೆಹಾಕಿರಲಿಲ್ಲ. ಕೊಮೋರಾ ಗಲ್ಲಾದ ಹಿಂದೆ ನಿಂತು ಒರೆಸಿದ ಗ್ಲಾಸನ್ನೇ ಒರೆಸುತ್ತಿದ್ದ. ಅಗಲವಾದ ಮೈ, ಅಗಲವಾದ ನಗು, ಕರಾವಳಿಯವರ ಸಕ್ಕರೆಯಂಥ ಮಾತು.

“ಬನ್ನಿ ಬನ್ನಿ ಅಫಾಂಡೆ! ಓಹೋ, ನಮ್ಮ ಕಡೆಯ ಮಗಳು ಹಬೋನಾನೂ ಬಂದಿದ್ದಾಳೆ! ಏನು ಕೊಡಲಿ? ಬಿಸಿ ಚಪಾತಿ ಇದೆ.”

ಅಫಾಂಡೆ ಅವನ ತಲೆಯ ಮೇಲೆ ನೋಡುತ್ತಿದ್ದರು. ಹೊಗೆ ಹಿಡಿದ ಗೋಡೆಯಲ್ಲಿ ಒಂದು ಕಡೆ ಮಾತ್ರ ಸುಣ್ಣ ಬೆಳ್ಳಗಿತ್ತು. ಉದ್ದಕ್ಕೆ, ಒಂದು ತುದಿ ಅಗಲ, ಇನ್ನೊಂದು ತುದಿ ಮೊನೆ. ಸುತ್ತ ಮೊಳೆಗಳು ಹಾಗೇ ಇದ್ದವು.

“ಇಲ್ಲೇನಿತ್ತು?”

“ಅಲ್ಲಿಯಾ? ಏನೋ ಒಂದು ಚಿತ್ರ.”

“ಮೂತಿ ಚೂಪಾಗಿರೋ ಚಿತ್ರ?”

ಕೊಮೋರಾ ನಕ್ಕ. “ಸರಿ, ಸರಿ. ಮೊಸಳೆ ತಲೆ. ಗಾಳಿಗೆ ಬಿದ್ದು ಒಡೀತು. ಎಸೆದುಬಿಟ್ಟೆ.”

“ಎಲ್ಲಿ?”

“ಕೆರೆಗೆ.”

“ಮೊಳೆ ಒಂದೂ ಬಗ್ಗಿಲ್ಲವಲ್ಲ ಕೊಮೋರಾ. ನಿಮ್ಮ ಗಾಳಿ ಬಹಳ ನಾಜೂಕಿನದು. ಕೈಯಲ್ಲಿ ಎತ್ತಿ ಇಳಿಸಿದೆ.”

ಅವನು ಗ್ಲಾಸು ಕೆಳಗಿಟ್ಟ. ಒರೆಸುವ ಬಟ್ಟೆಯನ್ನು ಮಾತ್ರ ಬಿಡಲಿಲ್ಲ.

“ಹಳೇ ಬುರುಡೆಗೆ ಇಷ್ಟೊಂದು ರಾದ್ಧಾಂತ ಯಾಕೆ ಅಫಾಂಡೆ? ನಮ್ಮಜ್ಜ ಹೊಡೆದ ಮೊಸಳೆ ಅದು. ಮನೆಯಿಂದ ತಂದಿದ್ದು. ನೆನಪಿಗೆ.”

“ಯಾವ ನೀರಿನದ್ದು?”

“ಅಂದರೆ?”

“ಯಾವ ನದೀದು ಅಂತ.”

“ನಮ್ಮ ತಾನಾದ್ದು. ಇನ್ನೆಲ್ಲಿಯದು?” ಹೇಳಿದ ಮೇಲೆ ಅವನ ಕಣ್ಣು ಹಬೋನಾ ಕಡೆ ಹೋಯಿತು. ಅಲ್ಲಿಂದ ಗಾಜಿನ ಡಬ್ಬಿಗೆ. ಹಬೋನಾ ಅದನ್ನು ಮೆಲ್ಲಗೆ ಗಲ್ಲಾದ ಮೇಲೆ ಇಟ್ಟಿದ್ದರು.

“ಎಟಾಬೊನ ಸೊಂಟದಲ್ಲಿ ಸಿಕ್ಕಿದ್ದು,” ಅಂದರು ಅಫಾಂಡೆ. “ನಿಮ್ಮಜ್ಜನ ಮೊಸಳೆ ಸತ್ತ ಮೇಲೂ ಬೇಟೆ ಬಿಟ್ಟಿಲ್ಲ ನೋಡಿ. ಈ ದಡದಲ್ಲೆಲ್ಲ ತಾನಾ ಮೊಸಳೆಯ ಬುರುಡೆ ಇದ್ದಿದ್ದು ನಿಮ್ಮೊಬ್ಬರ ಹತ್ತಿರ. ಕೊಲೆ ಯಾರ ತಲೆಗೆ ಬರುತ್ತೆ, ನೀವೇ ಹೇಳಿ.”

ಕೊಮೋರಾನ ನಗು ಹೋಯಿತು. ಅದು ಹೋದ ಮೇಲೆ ಆ ಮುಖದಲ್ಲಿ ಹೆದರಿಕೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಅವನು ಸ್ಟೂಲಿನ ಮೇಲೆ ಕುಸಿದ.

“ನಾನು ಕೊಂದಿಲ್ಲ. ನನ್ನ ತಾಯಾಣೆ.”

“ಆಣೆ ಬೇಡ. ಬುರುಡೆ ಎಲ್ಲಿ?”

“ಅದಕ್ಕೆ ಪರವಾನಗಿ ಇರಲಿಲ್ಲ. ಕಾಡುಪ್ರಾಣಿಯದ್ದು ಒಂದು ಉಗುರು ಸಿಕ್ಕರೂ ಜೈಲು ಅಂತಾರೆ. ಅದಕ್ಕೇ ಬಾಯಿಬಿಡಲಿಲ್ಲ.”

“ಪರವಾನಗಿ ವಿಷಯ ಇನ್ನೊಂದು ದಿನ. ಯಾರು ತಗೊಂಡು ಹೋದರು?”

ಅವನು ಬಾಗಿಲ ಕಡೆ ನೋಡಿದ, ಕಿಟಕಿ ಕಡೆ ನೋಡಿದ. ಹಬೋನಾ ಅವರ ಕಡೆಯ ಭಾಷೆಯಲ್ಲಿ ಏನೋ ಅಂದರು. ಗದರಿಕೆಯೋ ಸಮಾಧಾನವೋ, ನನಗೆ ತಿಳಿಯಲಿಲ್ಲ.

“ಹೇಳಿದರೆ ನನ್ನನ್ನು ಹುಚ್ಚ ಅಂತೀರಿ.”

“ಅನ್ನಲ್ಲ.”

“ಎಟಾಬೊ.”

ನನ್ನ ಕೈಯಲ್ಲಿದ್ದ ಟೋಪಿ ಕೆಳಗೆ ಬಿತ್ತು.

“ಎಟಾಬೊನೇ ಬಂದು ತಗೊಂಡು ಹೋದ,” ಕೊಮೋರಾ ಈಗ ಬಡಬಡನೆ ಹೇಳತೊಡಗಿದ. “ಒಬ್ಬ ಗಿರಾಕಿ ಇದ್ದಾನೆ, ತೋರಿಸಿ ತರ್ತೀನಿ ಅಂದ. ನಾನು ಆಗಲ್ಲ ಅಂದೆ. ಅವನ ಸಿಟ್ಟು ನಿಮಗೆ ಗೊತ್ತಿಲ್ಲ ಅಫಾಂಡೆ. ಯಾರಿಗಾದರೂ ಹೇಳಿದರೆ ಲಾಡ್ಜಿನ ಜೊತೆ ನಿನ್ನನ್ನೂ ಸುಡ್ತೀನಿ ಅಂದ. ಒಂದು ವಾರ ಕಳೆಯಲಿಲ್ಲ, ಅವನ ಹೆಣ ಬಂತು. ಸತ್ತವನ ಹೆಸರು ಹೇಳಿದರೆ ಯಾರು ನಂಬ್ತಾರೆ? ಸುಮ್ಮನಿದ್ದೆ.”

ಅಫಾಂಡೆ ಹೊರಗೆ ಬಂದುಬಿಟ್ಟರು. ನಾನು ಟೋಪಿ ಎತ್ತಿಕೊಂಡು ಹಿಂದೆಯೇ ಓಡಿದೆ.

“ಸುಳ್ಳು ಹೇಳ್ತಿದ್ದಾನೆ,” ಅಂದೆ. “ತನ್ನ ಸೊಂಟಕ್ಕೆ ಚುಚ್ಚೋ ಹಲ್ಲನ್ನು ಯಾವನಾದರೂ ತಾನೇ ತಗೊಂಡು ಹೋಗ್ತಾನಾ?”

“ತನ್ನ ಸೊಂಟಕ್ಕಲ್ಲದಿದ್ದರೆ?”

ನನಗೆ ಅರ್ಥವಾಗಲಿಲ್ಲ.

“ಎಕುವಾಮ್, ಆ ಹೆಣದ ಮುಖ ನೋಡಿದವರು ಯಾರು?”

“ಮುಖ ಎಲ್ಲಿತ್ತು ಅಫಾಂಡೆ?”

“ಮತ್ತೆ ಎಟಾಬೊ ಅಂತ ಗುರುತು ಹಿಡಿದಿದ್ದು?”

“ಮೈಮೇಲೆ ಅವನ ಅಂಗಿ ಇತ್ತು. ಹೆಂಡತಿ ಬಂದು ನೋಡಿ ಹೌದು ಅಂದಳು. ಅವಳೇ ಹೆಣ ತೊಳೆದಿದ್ದು.”

ಅಫಾಂಡೆ ಜೀಪಿನ ಬಾಗಿಲಿಗೆ ಒರಗಿದರು. ಅವರು ಒಂದೆಡೆ ಒರಗಿ ನಿಂತಿದ್ದನ್ನು ನಾನು ಕಂಡಿದ್ದೇ ಅಪರೂಪ.

“ಎಟಾಬೊನನ್ನು ಕೊಂದವರು ಯಾರು ಅಂತ ಇಷ್ಟು ದಿನ ಕೇಳ್ತಾ ಬಂದ್ವಿ,” ಅಂದರು. “ಎಟಾಬೊ ಯಾರನ್ನು ಕೊಂದ ಅಂತ ಕೇಳಬೇಕಾಗಿತ್ತು.”

* * *

ಹಬೋನಾರನ್ನು ಲಾಡ್ಜಿನಲ್ಲೇ ಬಿಟ್ಟೆವು. ಕೊಮೋರಾ ಎಲ್ಲಿಗೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಅವರೇ ಅಂದರು.

ಎಟಾಬೊನ ಹೆಂಡತಿ ಅಪುವಾಳ ಮನೆ ನಾತೊಲೆಯ ಕೊನೆಗಿತ್ತು. ಎಲ್ಲರ ಮನೆಯ ಹಾಗೆ ತಾಳೆಗರಿಯದ್ದೇ, ಆದರೆ ಈಗ ಪಕ್ಕದವರು ತಮ್ಮ ಬೇಲಿಯನ್ನು ಇನ್ನಷ್ಟು ದೂರ ಸರಿಸಿಕೊಂಡಿದ್ದರು. ಬೇಲಿಯ ಮೇಲೆ ಮಕ್ಕಳ ಪುಟ್ಟ ಅಂಗಿಗಳು ಒಣಗುತ್ತಿದ್ದವು. ಅವಳು ಹೊರಗೆ ಕೂತು ಮೀನು ಸೀಳುತ್ತಿದ್ದಳು. ತೆಳ್ಳಗಿನ ಹೆಂಗಸು. ಕೊರಳ ಮಣಿಗಳನ್ನು ಸೂತಕಕ್ಕೆ ಅಂತ ತೆಗೆದಿದ್ದಳು. ಅವು ಇದ್ದ ಜಾಗದಲ್ಲಿ ಚರ್ಮ ತಿಳಿಬಣ್ಣಕ್ಕೆ ತಿರುಗಿತ್ತು.

“ಒಳಗೆ ಕೂತು ಮಾತಾಡೋಣವಾ ತಂಗಿ?” ಅಂದರು ಅಫಾಂಡೆ.

“ಒಳಗೆ ಬರೀ ಹೊಗೆ!” ಅವಳು ಜೋರಾಗಿ ಅಂದಳು. ಅಷ್ಟು ಜೋರು ಬೇಕಿರಲಿಲ್ಲ. “ಮೀನು ತೊಳೀಬೇಕು. ಮಾತಾಡೋದಿದ್ದರೆ ನೀರಿನ ಹತ್ತಿರ ಬನ್ನಿ.”

ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟಳು. ನಾವು ಹಿಂದೆ ಹೋದೆವು. ದಡದಲ್ಲಿ ಅಲೆಯ ಅಬ್ಬರಕ್ಕೆ ನಾಲ್ಕು ಹೆಜ್ಜೆ ಆಚೆ ನಿಂತವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಅಪುವಾ ಮಂಡಿಯವರೆಗೆ ನೀರಿಗೆ ಇಳಿದು ಮೀನು ಉಜ್ಜತೊಡಗಿದಳು. ಅಫಾಂಡೆ ಬೂಟು ಬಿಚ್ಚದೆ ಅವಳ ಪಕ್ಕಕ್ಕೇ ಇಳಿದರು. ನಾನೂ ಇಳಿದೆ.

“ನೀನು ತೊಳೆದ ಹೆಣ ನಿನ್ನ ಗಂಡನದ್ದಲ್ಲ,” ಅಂದರು ಅಫಾಂಡೆ.

ಅವಳ ಕೈ ನಿಲ್ಲಲಿಲ್ಲ. ಅದನ್ನು ನೋಡಿಯೇ ನನಗೆ ಗೊತ್ತಾಯಿತು. ಅಳುವ ಹೆಂಗಸಾಗಿದ್ದರೆ ಅಳಬೇಕಿತ್ತು, ಸಿಟ್ಟಿನವಳಾಗಿದ್ದರೆ ಬೈಯಬೇಕಿತ್ತು. ಇವಳು ಮೀನು ಉಜ್ಜುತ್ತಲೇ ಇದ್ದಳು.

“ಯಾವಾಗ ಗೊತ್ತಾಯ್ತು ನಿನಗೆ?”

“ಬಟ್ಟೆ ಸರಿಸಿ ಕಾಲು ನೋಡಿದಾಗ.” ದನಿ ಅಲೆಯ ಸದ್ದಿನಲ್ಲಿ ಮುಳುಗಿ ಏಳುತ್ತಿತ್ತು. “ಎಟಾಬೊನ ಕಾಲು ನನಗೆ ಗೊತ್ತಿಲ್ಲವಾ? ಮದುವೆಯಾದಾಗಿನಿಂದ ಅದರಿಂದಲೇ ಒದೆಸಿಕೊಂಡವಳು ನಾನು. ಅದು ಬೇರೆ ಯಾರದೋ ಕಾಲು. ಮೆತ್ತಗಿತ್ತು. ಚಪ್ಪಲಿ, ಬೂಟು ಹಾಕಿಕೊಂಡು ಬೆಳೆದವರ ಕಾಲು.”

“ಮತ್ತೆ ಹೌದು ಅಂದೆಯಲ್ಲ?”

“ಊರೆಲ್ಲ ಸುತ್ತ ನಿಂತಿತ್ತು. ಎಟಾಬೊ ಸತ್ತ, ಎಟಾಬೊ ಸತ್ತ ಅಂತಿದ್ದರು. ಕಿವಿಗೆ ಎಷ್ಟು ಹಿತವಾಗಿತ್ತು ಗೊತ್ತಾ ಅಕ್ಕಾ?” ಮೊದಲ ಸಲ ಅವಳು ತಲೆಯೆತ್ತಿದಳು. “ಎಲ್ಲಿಗೋ ಓಡಿಹೋಗಿದ್ದಾನೆ, ಇನ್ನು ಬರಲ್ಲ ಅಂದುಕೊಂಡೆ. ಆ ಪುಣ್ಯಾತ್ಮನಿಗೆ ಅಂತೂ ಮಣ್ಣು ಬೇಕಿತ್ತು, ನನಗೆ ಗಂಡ ಸಾಯಬೇಕಿತ್ತು. ಚೆನ್ನಾಗಿ ತೊಳೆದೆ ಅಕ್ಕಾ. ಸ್ವಂತದವರನ್ನು ತೊಳೆಯೋ ಹಾಗೆ ತೊಳೆದೆ. ಮನಸ್ಸಿನಲ್ಲೇ ಕ್ಷಮೆ ಕೇಳಿದೆ.”

ಅಫಾಂಡೆ ಕಾನೂನಿನ ಮಾತು ಎತ್ತಲಿಲ್ಲ, ಬೇರೆಯದನ್ನೇ ಕೇಳಿದರು. “ಆ ಮನುಷ್ಯ ಯಾರು, ಏನಾದರೂ ಗೊತ್ತಾ?”

“ಇಲ್ಲ. ಅವನಿಗೂ ಎಲ್ಲೋ ಒಬ್ಬ ಹೆಂಡತಿ ಇರ್ತಾಳೆ. ಕಾಯ್ತಾ ಇರ್ತಾಳೆ. ಅದೇ ನನಗೆ ನಿದ್ದೆ ಕೊಡಲ್ಲ.”

ದೂರದ ಮರಳುದಿಬ್ಬದ ಕಡೆ ಹೊಗೆ ಏಳುತ್ತಿತ್ತು. ಗೂಡುಗಳಿಗೆ ಬೆಂಕಿ ಇಟ್ಟಿದ್ದರು. ಗಾಳಿಗೆ ಆ ಹೊಗೆ ನೆಲಕ್ಕೆ ಬಗ್ಗಿ ಊರಿನ ಕಡೆಗೇ ಬರುತ್ತಿತ್ತು. ಏನೂ ಮಾಡದ ಪ್ರಾಣಿಗಳ ಮೊಟ್ಟೆ ಸುಡುವ ವಾಸನೆ.

“ನೀನು ಇದನ್ನೆಲ್ಲ ಠಾಣೆಗೆ ಬಂದು ಹೇಳಬೇಕು ಅಪುವಾ,” ಅಂದರು ಅಫಾಂಡೆ. “ನಿನಗೇನೂ ಆಗದ ಹಾಗೆ ನಾನು ನೋಡ್ಕೋತೀನಿ. ಇವತ್ತೇ ಬಾ. ಈಗಲೇ.”

“ಈಗ ಬರೋಕಾಗಲ್ಲ.”

“ಯಾರ ಭಯ? ಅವನು ಯಾವ ದೇಶದಲ್ಲಿದ್ದಾನೋ.”

ಅಪುವಾ ತೊಳೆದ ಮೀನನ್ನೇ ಮತ್ತೆ ತೊಳೆದಳು. ಒಂದು ಮೀನು ಜಾರಿ ನೀರಿಗೆ ಹೋಯಿತು, ಹಿಡಿಯಲು ಹೋಗಲಿಲ್ಲ.

“ಮೀನು ನೋಡಿಕೊಂಡು ಮಾತಾಡಿ,” ಅಂದಳು. “ತಲೆ ತಿರುಗಿಸಬೇಡಿ.”

ಅಫಾಂಡೆ ಬಗ್ಗಿ ಬುಟ್ಟಿಯಿಂದ ಒಂದು ಮೀನು ಎತ್ತಿಕೊಂಡರು. ಅದರ ಬೆಲೆ ಕೇಳುವವರ ಹಾಗೆ ಅದನ್ನು ತಿರುಗಿಸುತ್ತ, ತುಟಿ ಅಲುಗಿಸದೆ ಕೇಳಿದರು.

“ಅಪುವಾ, ಮಕ್ಕಳು ಎಲ್ಲಿ?”

“ಒಳಗೆ,” ಅಂದಳು ಅವಳು. “ಅವರಪ್ಪನ ಜೊತೆ.”